‘ದುರ್ಬಲ ಗುಣ’ಕ್ಕೆ ಬೇರೆ ಮಾತು ಇದೆಯಾ?

ನಮಸ್ಕಾರ. ನಾನಿರುವುದು ಕಾಸರಗೋಡಿನ ಬದಿಯಡ್ಕದ ಕಡೆ. ಸಂಜೆ ಹೊತ್ತು ಹತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ‘ಪ್ರಬಲ ಗುಣ, ದುರ್ಬಲ ಗುಣ’ (ಇಂಗ್ಲಿಷಿನಲ್ಲಿ ಡಾಮಿನೆಂಟ್, ರಿಸೆಸಿವ್) ಅನ್ನುವ ಜೋಡಿಯ ಬಗ್ಗೆ ಕೇಳಬೇಕಿತ್ತು. ಎರಡೂ ಒಟ್ಟಿಗೆ ಇದ್ದಾಗ ಹೊರಗೆ ಕಾಣುವುದು ಪ್ರಬಲ, ಕಾಣದೆ ಒಳಗೇ ಉಳಿಯುವುದು ದುರ್ಬಲ.

ಮೊನ್ನೆ ಒಬ್ಬಳು ಹುಡುಗಿ ಪಾಠ ಮುಗಿದ ಮೇಲೂ ಎದ್ದು ಹೋಗಲಿಲ್ಲ. “ಟೀಚರ್, ಅಪ್ಪ ಅಮ್ಮ ಇಬ್ಬರದ್ದೂ ಎ ಗುಂಪು, ನನ್ನದು ಮಾತ್ರ ಓ. ಓ ದುರ್ಬಲ ಅಂದ್ರಲ್ಲ, ಹಾಗಾದ್ರೆ ನನ್ನ ರಕ್ತಕ್ಕೆ ಶಕ್ತಿ ಕಮ್ಮಿಯಾ?” ಅಂದಳು. ನನಗೆ ಬೇಜಾರಾಯಿತು, ಅವಳ ತಪ್ಪೇನೂ ಇಲ್ಲ, ಪದವೇ ಹಾಗೆ ಹೇಳುತ್ತದಲ್ವಾ?

ಬೋರ್ಡಿನಲ್ಲಿ ನಾಲ್ಕು ಮನೆ ಬರೆದೆ. ಅಪ್ಪನಲ್ಲಿ ಒಂದು ಎ, ಒಂದು ಓ. ಅಮ್ಮನಲ್ಲೂ ಹಾಗೇ. ಮಗುವಿಗೆ ಇಬ್ಬರಿಂದಲೂ ಒಂದೊಂದು ಬರುತ್ತದೆ. ಮೂರು ಮನೆಯಲ್ಲಿ ಎ ಬಂತು, ಒಂದರಲ್ಲಿ ಎರಡೂ ಓ. “ಆ ಮನೆ ನಿನ್ನದು” ಅಂದೆ. ಓ ಎಲ್ಲಿಗೂ ಹೋಗಿರಲಿಲ್ಲ, ಎಯ ಹಿಂದೆ ಅಡಗಿ ಕೂತಿತ್ತು ಅಷ್ಟೆ. ನಮ್ಮೂರಲ್ಲಿ ಓ ಗುಂಪಿನವರು ಬೇಕಾದಷ್ಟು ಜನ ಇದ್ದಾರೆ, ಗಟ್ಟಿಮುಟ್ಟಾಗಿಯೇ ಇದ್ದಾರೆ. (‘ನಾಲ್ಕರಲ್ಲಿ ಒಂದು’ ಅನ್ನುವ ಮಾತೂ ಗೊಂದಲವೇ. ನಾಲ್ಕು ಮಕ್ಕಳಾದರೆ ಒಂದು ಓ ಆಗಲೇಬೇಕು ಅಂದುಕೊಳ್ಳುತ್ತಾರೆ. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು ಸಾಧ್ಯತೆ ಅಂತ ಬಿಡಿಸಿ ಹೇಳಬೇಕು.)

ಬಟಾಣಿ ಗಿಡಗಳಲ್ಲಿ ಗುಣಗಳು ತಲೆಮಾರಿಗೆ ದಾಟುವುದನ್ನು ಪರೀಕ್ಷಿಸಿದ ಮೆಂಡೆಲ್ 1866ರ ಲೇಖನದಲ್ಲಿ ಬಳಸಿದ ‘ರಿಸೆಸಿವ್’ ಪದದಲ್ಲಿ ಬಲದ ಮಾತೇ ಇಲ್ಲ. ಅದು ಹಿಂದಕ್ಕೆ ಸರಿಯುವುದು ಅನ್ನುವ ಅರ್ಥದ್ದು. ಉರುಟು ಬಟಾಣಿಗೂ ಸುಕ್ಕು ಬಟಾಣಿಗೂ ಕೂಡಿಸಿದಾಗ ಬಂದದ್ದೆಲ್ಲ ಉರುಟು. ಅದರ ಮುಂದಿನ ತಲೆಮಾರಿನಲ್ಲಿ 5474 ಉರುಟು, 1850 ಸುಕ್ಕು. ಹಿಂದೆ ಸರಿದದ್ದು ಮತ್ತೆ ಬಂತು, ಅದಕ್ಕೇ ಆತ ಆ ಪದ ಆರಿಸಿಕೊಂಡದ್ದು.

ಇಲ್ಲಿ ಮಲಯಾಳಂ ಮೀಡಿಯಂ ಮಕ್ಕಳು ‘ಪ್ರಕಟಗುಣಂ, ಗುಪ್ತಗುಣಂ’ ಅನ್ನುತ್ತಾರೆ. ಕೇಳಿದಾಗೆಲ್ಲ ನನಗೆ ಆಸೆಯಾಗುತ್ತದೆ. ‘ಗುಪ್ತಗುಣ’ ಅಂದರೆ ಕನ್ನಡದ ಮಗುವಿಗೂ ತಕ್ಷಣ ಗೊತ್ತಾಗುತ್ತದೆ. ಆದರೆ ಇದೇ ಮಕ್ಕಳು ಮುಂದೆ ಮಂಗಳೂರಿನ ಕಾಲೇಜಿಗೆ ಹೋದರೆ ಅಲ್ಲಿ ಯಾರಿಗೂ ಈ ಪದ ಪರಿಚಯ ಇಲ್ಲದೆ ಕಷ್ಟವಾಗುತ್ತದೋ ಏನೋ. ಸದ್ಯ ನಾನು ‘ದುರ್ಬಲ, ಅಂದರೆ ಮರೆಯಲ್ಲಿರುವ ಗುಣ’ ಅಂತ ಎರಡನ್ನೂ ಸೇರಿಸಿ ಬರೆಸುತ್ತಿದ್ದೇನೆ.

‘ಮರೆಗುಣ’ ಅಂದರೆ ಹೇಗೆ? ‘ಮರೆತ ಗುಣ’ ಅಂತ ಕೇಳಿಸುತ್ತದಾ? ಕರ್ನಾಟಕದಲ್ಲಿ ಪಾಠ ಮಾಡುವವರು ಇದ್ದರೆ, ನೀವು ಕ್ಲಾಸಿನಲ್ಲಿ ಬಾಯಲ್ಲಿ ಏನು ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.