ಒದ್ದೆ ಸೌದೆಯೂ ದ್ವೀಪದ ಬದುಕೂ: ಹಾಸ್ಟೆಲ್ ಬಳಗದ ಒಂದು ಬೆಳಗಿನ ಚರ್ಚೆ

(ಸಾಗರದ ಹಳೆ ಹಾಸ್ಟೆಲ್ ಬಳಗದ ವಾಟ್ಸಾಪ್ ಗುಂಪು. ಇಲ್ಲಿ ಎಲ್ಲರೂ ಊರಿನ ಹೆಸರಲ್ಲೇ ಸೇವ್ ಆಗಿದ್ದಾರೆ. ತುಮರಿ, ನಗರ, ಕೋಣಂದೂರು, ಅರಳಗೋಡು ಶಿವಮೊಗ್ಗ ಜಿಲ್ಲೆಯ ಊರುಗಳು.)

*ಬೆಂಗಳೂರು, 6:48*
[ವಿಡಿಯೊ]
ಹವಾಯಿಯ ದೊಡ್ಡ ದ್ವೀಪದ ಕಾಡಲ್ಲಿ ಮನೆ ಮಾಡಿರೋ ಗಂಡ ಹೆಂಡತಿ. ಕರೆಂಟ್ ಲೈನ್ ಇಲ್ಲ, ನಲ್ಲಿ ಇಲ್ಲ, ಸೂರಿನ ನೀರೇ ಕುಡಿಯೋದು, ವಾರಕ್ಕೊಂದು ಸಲ ಪೇಟೆ. ಎಷ್ಟು ಕಷ್ಟದ ಬದುಕು ನೋಡಿ. ಪೂರ್ತಿ ನೋಡಿ, 22 ನಿಮಿಷ ಇದೆ.

*ತುಮರಿ, 7:02*
ಪೂರ್ತಿ ನೋಡಿದೆ. ಇದರಲ್ಲಿ ಕಷ್ಟ ಯಾವುದು ಅಂತ ನೀನೇ ಹೇಳು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತು. ಆಮೇಲೆ ನಮ್ಮ ಕರೂರು, ಬಾರಂಗಿ ಹೋಬಳಿಗಳಿಗೆ ಮೂರು ಕಡೆ ಹಿನ್ನೀರು. ವಾರಕ್ಕೊಮ್ಮೆ ಪೇಟೆ ಅನ್ನೋದು ಅಲ್ಲಿ ಯಾರೂ ವಿಡಿಯೊ ಮಾಡೋ ವಿಷಯ ಆಗಿರಲಿಲ್ಲ.

ಒಲೆ ಹಚ್ಚೋ ಜಾಗ ಮತ್ತೆ ನೋಡು, 9ನೇ ನಿಮಿಷ. ಕೈಲಿರೋದು ಹಸಿ ಸೌದೆ. ಆಗಷ್ಟೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತೆ. ಒಲೆ ಮೊದಲು ಆ ನೀರನ್ನ ಕುದಿಸಿ ಓಡಿಸ್ಬೇಕು, ಆಮೇಲೆ ಅನ್ನದ ಪಾತ್ರೆಗೆ ಬಿಸಿ. ಹೊಗೆ ಬರದೆ ಇನ್ನೇನು ಬರುತ್ತೆ? ಶಿವರಾತ್ರಿ ಹೊತ್ತಿಗೆ ಸೀಳಿ ಹಾಕ್ಬೇಕು, ತೋಳಿನ ಗಾತ್ರಕ್ಕಿಂತ ದಪ್ಪ ಇರಬಾರದು. ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಅಡ್ಡ ದಬ್ಬೆ ಇಟ್ಟು ಪೇರಿಸೋದು. ಮೇ 15ರೊಳಗೆ ಕೊಟ್ಟಿಗೆ ಒಳಗೆ. ಎರಡು ತುಂಡು ಒಂದಕ್ಕೊಂದು ಬಡಿದ್ರೆ ಟಣ್ ಅನ್ಬೇಕು. ದಬ್ ಅಂದ್ರೆ ಇನ್ನೂ ನೀರಿದೆ. ಅವರು ಇದ್ಯಾವುದೂ ಮಾಡಿಲ್ಲ. ಅದನ್ನ ಕಷ್ಟ ಅಂತ ಕರೀಬೇಡ.

*ನಗರ, 7:06*
ಕೋಳಿ ಕೂಗೋಕೆ ಮುಂಚೆ ಶುರುವಾಯ್ತು 😀 ಆದ್ರೆ ತುಮರಿ ಹೇಳಿದ್ದು ಸರಿ. ಬೆಳೆದ ರೀತಿಯೇ ಎಲ್ಲ. ಹತ್ತು ವರ್ಷಕ್ಕೆ ಕೊಳ್ಳಿ ಹಿಡಿಯೋಕೆ ಕಲಿತವರಿಗೆ ಒಲೆ ಒಂದು ಕೆಲಸ, ಮೂವತ್ತಕ್ಕೆ ಕಲಿಯೋರಿಗೆ ಅದೊಂದು ಯುದ್ಧ.

*ಹಿಲೊ, 7:15*
ಅದೇ ದ್ವೀಪದ ಹಿಲೊ ಪಟ್ಟಣದಲ್ಲಿ ಈಗ ಮಧ್ಯಾಹ್ನ, ಹಾಗಾಗಿ ನಾನು ಎಚ್ಚರ ಇದ್ದೀನಿ. ತುಮರಿ, ನೀನು ಹೇಳಿದ ಒಂದೊಂದು ಮಾತೂ ತುಮರಿಗೆ ಸರಿ, ಈ ದ್ವೀಪಕ್ಕೆ ತಪ್ಪು.

ಶಿವರಾತ್ರಿಗೆ ಸೀಳಿ ಒಣಗಿಸಿ ಅಂತೀಯ. ಹಿಲೊ ಕಡೆ ಒಣಗೋ ಕಾಲವೇ ಇಲ್ಲ. ವರ್ಷಕ್ಕೆ ಸುಮಾರು 3,200 ಮಿ.ಮೀ. ಮಳೆ, ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತೆ. ಅತಿ ಕಡಿಮೆ ಅನ್ನೋ ತಿಂಗಳಲ್ಲೂ 150 ಮಿ.ಮೀ. ದಾಟುತ್ತೆ. ಮಲೆನಾಡಲ್ಲಿ ಅಷ್ಟೇ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಕೈ ತೊಳ್ಕೊಳ್ಳುತ್ತೆ. ಇಲ್ಲಿ ಸೌದೆ ಒಣಗ್ಬೇಕಂದ್ರೆ ಮೇಲೆ ಮಾಡು, ನಾಲ್ಕೂ ಕಡೆ ಗಾಳಿ, ಒಂದು ವರ್ಷದ ತಾಳ್ಮೆ. ಮಲೆನಾಡಿನ ಪಂಚಾಂಗ ಹಿಡ್ಕೊಂಡು ಬಂದ್ರೆ ನೀನೂ ಹೊಗೆ ಕುಡೀತೀಯ.

*ತುಮರಿ, 7:18*
ಸೌದೆ ವಿಷಯ ಒಪ್ಪಿದೆ. ನೀರು? ಸೂರಿನ ನೀರು ಹಿಡಿಯೋದು ನಮಗೆ ಹೇಳಿಕೊಡ್ಬೇಕಾ?

*ಹಿಲೊ, 7:31*
ಹೇಳಿಕೊಡ್ಲೇಬೇಕು. ಯಾಕಂದ್ರೆ ಮಲೆನಾಡಿನವರಿಗೆ ಸೂರಿನ ನೀರು ಗೊತ್ತಿಲ್ಲ. ಗೊತ್ತಿರೋದು ಅಬ್ಬಿ ನೀರು, ಬಾವಿ, ಕೆರೆ. ಗುಡ್ಡದ ಜಲದಿಂದ ಅಡಿಕೆ ದಂಬೆಯಲ್ಲೋ ಪೈಪಲ್ಲೋ ಅಂಗಳಕ್ಕೆ ಬರೋ ನೀರು. ಮಣ್ಣು ಸೋಸಿ ಕೊಡುತ್ತೆ, ಗುಡ್ಡ ಸಂಗ್ರಹಿಸಿ ಇಡುತ್ತೆ. ವಿಡಿಯೊದವರು ಇರೋ ಪುನಾ ಕಡೆ ಕೆಳಗಿರೋದು ಹೊಸ ಲಾವಾ ಕಲ್ಲು. ಮಳೆ ಬಿದ್ದ ಕೂಡ್ಲೆ ಬಿರುಕಲ್ಲಿ ಇಳಿದು ಹೋಗುತ್ತೆ. ಹಳ್ಳ ಇಲ್ಲ, ತೋಡು ಇಲ್ಲ. ಗುಡ್ಡ ಮಾಡೋ ಕೆಲಸ ಎಲ್ಲ ತೊಟ್ಟಿ ಮತ್ತು ಫಿಲ್ಟರ್ ಮಾಡ್ಬೇಕು.

ಲೆಕ್ಕ ಹಾಕು. ನಾಲ್ಕು ಜನ, ತಲೆಗೆ 60 ಲೀಟರ್, ದಿನಕ್ಕೆ 240. ಸಾಗರದಲ್ಲಿ ಡಿಸೆಂಬರಿಂದ ಏಪ್ರಿಲ್ ಕೊನೆವರೆಗೆ 150 ದಿನ ಅಂದ್ರೆ 36,000 ಲೀಟರ್, ಒಂದೇ ಸಲ ತುಂಬಿಟ್ಟು ಸಾಗಿಸ್ಬೇಕು. ಇಲ್ಲಿ 10,000 ಗ್ಯಾಲನ್, ಅಂದ್ರೆ ಸುಮಾರು 38,000 ಲೀಟರ್ ತೊಟ್ಟಿ ಸಾಮಾನ್ಯ. ಗಾತ್ರ ಹೆಚ್ಚೂಕಡಿಮೆ ಒಂದೇ, ಆದ್ರೆ ಇಲ್ಲಿ ಅದು ಮತ್ತೆ ಮತ್ತೆ ತುಂಬುತ್ತೆ. ಅದಕ್ಕೇ ಇಲ್ಲಿ ಸೂರು ನಂಬಿ ಬದುಕಬಹುದು, ಅಲ್ಲಿ ಆಗಲ್ಲ.

*ಬೆಂಗಳೂರು, 7:34*
ಹಾಗಾದ್ರೆ ಅವರದ್ದು ಸುಖ ಅಂತಾಯ್ತಲ್ಲ?

*ಹಿಲೊ, 7:44*
ಇಲ್ಲ, ಅಪಾಯ ಬೇರೆ ಜಾಗದಲ್ಲಿದೆ, ವಿಡಿಯೊದಲ್ಲಿ ಅದು ಕಾಣಲ್ಲ. ಕೀಲವೇಯ ಜ್ವಾಲಾಮುಖಿಯ ಗಂಧಕದ ಅನಿಲ ಮಳೆಗೆ ಸೇರಿದ್ರೆ ನೀರು ಹುಳಿಯಾಗುತ್ತೆ. ಆ ಹುಳಿ ನೀರು ಹಳೇ ಸೂರಿನ ಬೆಸುಗೆ, ಬಣ್ಣ, ಮೊಳೆಗಳಿಂದ ಸೀಸ ಕರಗಿಸಿ ತೊಟ್ಟಿಗೆ ತರುತ್ತೆ. ರುಚಿಯಲ್ಲಿ ಗೊತ್ತಾಗಲ್ಲ. ಇನ್ನೊಂದು, ಗೊಂಡೆಹುಳ, ಅಂದ್ರೆ ಚಿಪ್ಪಿಲ್ಲದ ಬಸವನಹುಳ. ಇಲಿಯ ಶ್ವಾಸಕೋಶದ ಹುಳದ ಮರಿ ಅದರ ಮೈಯಲ್ಲಿರುತ್ತೆ, ಮನುಷ್ಯನ ಹೊಟ್ಟೆಗೆ ಹೋದ್ರೆ ಮಿದುಳಿಗೆ ಏರುತ್ತೆ. ಹಾಗಾಗಿ ಸೊಪ್ಪು ಒಂದೊಂದೇ ಎಲೆ ಬಿಡಿಸಿ ತೊಳೀಬೇಕು, ತೊಟ್ಟಿಯ ಮುಚ್ಚಳದಲ್ಲಿ ಸಂದು ಇರಬಾರದು.

ಫಿಲ್ಟರಿನ ಸಾಲು: ಮೊದಲು 20 ಮೈಕ್ರಾನ್, ಆಮೇಲೆ 5 ಮೈಕ್ರಾನ್ ಇಂಗಾಲದ ಬ್ಲಾಕ್, ಕೊನೆಗೆ ಬ್ಯಾಕ್ಟೀರಿಯಾ ಕೊಲ್ಲೋ ಯುವಿ (ನೇರಳಾತೀತ) ದೀಪ. ಯುವಿ ಮೊದಲು ಹಾಕಿದ್ರೆ ವ್ಯರ್ಥ, ಕದಡಿದ ನೀರಲ್ಲಿ ಬೆಳಕು ದಾಟಲ್ಲ, ಕಸದ ಹಿಂದೆ ಬ್ಯಾಕ್ಟೀರಿಯಾ ಅಡಗುತ್ತೆ. ವಿಡಿಯೊದಲ್ಲಿ ಅವರು ಬಟ್ಟೆಯಲ್ಲಿ ಸೋಸಿ ಕುಡೀತಾ ನಗ್ತಾರಲ್ಲ, ನನಗೆ ಭಯ ಆಗಿದ್ದು ಅಲ್ಲಿ. ಒಲೆ ಹತ್ರ ಅತ್ತಿದ್ದಾರೆ, ನೀರಿನ ಹತ್ರ ನಕ್ಕಿದ್ದಾರೆ. ಉಲ್ಟಾಪಲ್ಟಾ.

*ನಗರ, 7:49*
ಈ ಕೊನೆ ಮಾತು ತುಂಬಾ ಸರಿ. ಮೈಗೆ ತಾಗೋದನ್ನ ಕಷ್ಟ ಅಂತೀವಿ, ಒಳಗೆ ಹೋಗೋದನ್ನ ಗಮನಿಸಲ್ಲ.

ಮೊದಲ ಮಳೆಯ ನೀರು ಬಿಡೋ ವ್ಯವಸ್ಥೆಯನ್ನೂ ತೋರಿಸ್ತಾರೆ, ಅದೂ ತಪ್ಪು. 4 ಇಂಚಿನ ಪೈಪ್ ಒಂದು ಮೀಟರ್ ಉದ್ದ ನಿಲ್ಲಿಸಿದ್ದಾರೆ. ಅದರಲ್ಲಿ ಹಿಡಿಯೋದು 8 ಲೀಟರ್. 100 ಚದರ ಮೀಟರ್ ಸೂರಿಗೆ ಮೊದಲ 1 ಮಿ.ಮೀ. ಮಳೆ ಅಂದ್ರೇ 100 ಲೀಟರ್. ಹಕ್ಕಿ ಹಿಕ್ಕೆ, ಧೂಳು, ಪಾಚಿ ಎಲ್ಲ ಅದರಲ್ಲೇ. 100 ಲೀಟರಿನ ಒಂದು ಡ್ರಮ್ಮೇ ಬೇಕು, ಒಳಗೆ ತೇಲೋ ಚೆಂಡು, ತಳದಲ್ಲಿ 2–3 ಮಿ.ಮೀ. ತೂತು. ಮಳೆ ನಿಂತ ಮೇಲೆ ತಾನಾಗಿ ಖಾಲಿ ಆಗಿ ಮುಂದಿನ ಮಳೆಗೆ ತಯಾರಾಗುತ್ತೆ. ತೂತು ಕಟ್ಟಿಕೊಂಡ್ರೆ ಡ್ರಮ್ ತುಂಬಿಯೇ ಇರುತ್ತೆ, ಕೊಳೆ ನೀರು ನೇರ ತೊಟ್ಟಿಗೆ. ವಾರಕ್ಕೊಮ್ಮೆ ಕಡ್ಡಿ ಹಾಕಿ ನೋಡ್ಬೇಕು.

*ತುಮರಿ, 7:55*
ಇದೆಲ್ಲ ಕಲಿತ್ರೆ ಮುಗೀತಲ್ಲ? ನಾನು ಹೇಳ್ತಿರೋದೂ ಅದೇ. ಕ್ರಮ ಗೊತ್ತಿದ್ದವರಿಗೆ ಕಷ್ಟ ಇಲ್ಲ. ಮಲೆನಾಡಿನವರು ಏಪ್ರಿಲಲ್ಲಿ ಹಪ್ಪಳ ಒಣಗಿಸ್ತಾರೆ, ಹಲಸಿನ ಸೊಳೆ ಉಪ್ಪಲ್ಲಿ ಹಾಕಿ ಭರಣಿ ತುಂಬಿಸ್ತಾರೆ. ಕಳಲೆಯನ್ನ (ಎಳೆ ಬಿದಿರು) ಮೂರು ದಿನ ನೆನೆಸಿ ದಿನಾ ನೀರು ಚೆಲ್ತಾರೆ, ವಿಷ ಇಳಿಯಲಿ ಅಂತ. ಪುಷ್ಯ ಮಳೆಗೆ ಎಂಟು ದಿನ ರಸ್ತೆ ಕಟ್ಟಾದ್ರೂ ಅಡುಗೆಮನೆ ನಡೆಯುತ್ತೆ. ಹೀಗೆ ಬೆಳೆದವರಿಗೆ ಯಾವ ದ್ವೀಪವಾದ್ರೂ ಸೈ.

*ಕೋಣಂದೂರು, 8:03*
ಇಷ್ಟು ಹೊತ್ತು ಸುಮ್ಮನಿದ್ದೆ. ಈಗ ಹೇಳ್ತೀನಿ.

ತುಮರಿ, ನಿನ್ನ ಮಾತಲ್ಲಿ "ಮಾಡ್ತಾರೆ" ಅನ್ನೋದನ್ನೆಲ್ಲ ಮಾಡೋರು ಯಾರು? ಸೌದೆ ಸೀಳೋದು ಬಿಟ್ರೆ ಉಳಿದದ್ದೆಲ್ಲ ಹೆಂಗಸರು. ಒಗ್ಗಿ ಹೋಗಿದೆ ಅಂದ್ರೆ ಕಷ್ಟ ಇಲ್ಲ ಅಂತಲ್ಲ. ಹೇಳೋದನ್ನ ಬಿಟ್ಟಿದ್ದಾರೆ ಅಂತ. ಮೂರು ಕಲ್ಲಿನ ಒಲೆಯ ಹೊಗೆ, ಅಭ್ಯಾಸ ಇದ್ದವರ ಶ್ವಾಸಕೋಶಕ್ಕೂ ಇಲ್ಲದವರ ಶ್ವಾಸಕೋಶಕ್ಕೂ ಒಂದೇ ಥರ ಹೋಗುತ್ತೆ. ಕಣ್ಣು ಉರಿಯೋದು ನಿಲ್ಲಬಹುದು, ದಮ್ಮು ಬರೋದು ನಿಲ್ಲಲ್ಲ. ಬೆಳೆದ ರೀತಿ ಕೆಲಸ ಕಲಿಸುತ್ತೆ ನಿಜ. ಜೊತೆಗೆ ಯಾವುದನ್ನ ಸಹಿಸ್ಕೊಬೇಕು ಅಂತಾನೂ ಕಲಿಸುತ್ತೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡ.

*ಅರಳಗೋಡು, 8:10*
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಂಗನ ಕಾಯಿಲೆ ತಗೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಪತ್ತೆಯಾದದ್ದು. 2019ರಲ್ಲಿ ಅರಳಗೋಡು ಕಡೆ ಸಾವು ಆಯ್ತು. ಡಿಸೆಂಬರಿಂದ ಮೇ ತನಕ ಅದನ್ನ ಹರಡೋ ಮರಿ ಉಣುಗು (ಉಣ್ಣಿ) ದರಗಿನಲ್ಲಿ, ಅಂದ್ರೆ ಉದುರಿದ ಒಣ ಎಲೆಯಲ್ಲಿ ಇರುತ್ತೆ, ಕಣ್ಣಿಗೇ ಬೀಳದಷ್ಟು ಸಣ್ಣದು. ಸೌದೆಗೂ ದರಗಿಗೂ ಕಾಡಿಗೆ ಹೋಗೋ ಕಾಲ ಸರಿಯಾಗಿ ಅದೇ. "ಉಣುಗು ನಮಗೆ ಹೊಸದಾ?" ಅಂತ ಹೇಳೋರೇ ಎಣ್ಣೆ ಹಚ್ಚಲ್ಲ. ಹೊರಗಿಂದ ಬಂದವರು ಹೆದರಿ ಹಚ್ಕೊತಾರೆ.

ಹೋಗೋ ಮುಂಚೆ ಉಣುಗು ದೂರ ಇಡೋ ಡೇಪಾ ಎಣ್ಣೆ, ಪ್ಯಾಂಟು ಕಾಲುಚೀಲದ ಒಳಗೆ, ದರಗಿನ ಮೇಲೆ ಕೂರೋದಿಲ್ಲ. ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸೋದು. ಇಷ್ಟಕ್ಕೆ ಸೋಮಾರಿತನ ಬರೋದು ಅಭ್ಯಾಸದಿಂದಲೇ.

*ಬೆಂಗಳೂರು, 8:14*
ಹಾಗಾದ್ರೆ ಹಿನ್ನೀರಿನವರಿಗೆ ನಿಜವಾದ ಕಷ್ಟ ಯಾವುದಾಗಿತ್ತು? ಕತ್ತಲೆ, ಮಳೆ, ಇಂಬಳ (ಜಿಗಣೆ)?

*ಅರಳಗೋಡು, 8:19*
ಅದ್ಯಾವುದೂ ಅಲ್ಲ. ಹಿನ್ನೀರು ದಾಟಿಸೋ ಸಂಜೆಯ ಕೊನೆ ಲಾಂಚ್ ಹೋದ ಮೇಲಿನ ಹೊತ್ತು. ಹಾವು ಕಚ್ಚಿದ್ರೆ, ಹೆರಿಗೆ ನೋವು ಬಂದ್ರೆ, ಕಾರ್ಗಲ್ ಕಡೆಯಿಂದ ಸುತ್ತು ರಸ್ತೆ. ಹಾವಿನ ಕಡಿತಕ್ಕೆ ಮನೆಯಲ್ಲಿ ಮಾಡೋಕಾಗೋದು ಕಡಿಮೆ. ಕಾಲು ಅಲ್ಲಾಡದ ಹಾಗೆ ದಬ್ಬೆ ಕಟ್ಟಿ, ಬಿಗಿಯಾಗಿ ಹಗ್ಗ ಬಿಗೀದೆ, ಕೊಯ್ಯದೆ, ನಡೆಸದೆ ಹೊತ್ಕೊಂಡು ಹೋಗೋದು. ಔಷಧ ಇರೋದು ಆಸ್ಪತ್ರೆಯಲ್ಲಿ. ಯಾವ ಸಂಸ್ಕಾರದಿಂದಲೂ ಆ ದೂರ ಕಡಿಮೆ ಆಗಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯ್ತಲ್ಲ, ಎರಡು ಕಿಲೋಮೀಟರ್ ದಾಟುತ್ತೆ ಉದ್ದ. ಅದು ತೆಗೆದದ್ದು ಈ ಕಷ್ಟವನ್ನ. ಬೇಸಿಗೆಯಲ್ಲಿ ನೀರಿಳಿದು ಲಾಂಚಿಗೆ ವಾಹನ ಹತ್ತಿಸೋಕಾಗದ ದಿನಗಳನ್ನೂ.

*ಕೋಣಂದೂರು, 8:22*
ಅಷ್ಟೇ. ಕಲಿಕೆಯಿಂದ ಹೋಗೋದು ಒಂದು, ಸೇತುವೆಯಿಂದ ಹೋಗೋದು ಇನ್ನೊಂದು. ಎರಡನೆಯದನ್ನ ಮೊದಲನೆಯದು ಅಂತ ಹೇಳಿ ಜನರನ್ನ ಅರವತ್ತು ವರ್ಷ ಕಾಯಿಸಿದ್ರು.

*ತುಮರಿ, 8:31*
ಒಪ್ಪಿದೆ. ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. "ಯಾವ ದ್ವೀಪವಾದ್ರೂ ಸೈ" ಅಂದಿದ್ದನ್ನೂ ವಾಪಸ್ ತಗೊಂಡೆ. ಆದ್ರೆ ಕಲಿಕೆಯನ್ನ ಸಣ್ಣದು ಮಾಡೋದು ಬೇಡ. ವಿಡಿಯೊದವರು ಸೋಲಾರ್ ಸಾಕಾಗಲ್ಲ ಅಂತ ಅಳ್ತಾರೆ, ಮಳೆಗಾಲದ ಮನೆಗೆ ಬೇರೆ ದಾರಿ ಇಲ್ವಾ?

*ನಗರ, 8:42*
ನೀರು ಹರಿಯೋ ಜಾಗದಲ್ಲಿ ಇದೆ. ಒಂದು ಕಿಲೋವಾಟ್ ಫಲಕ ಫೆಬ್ರವರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ, ಜಡಿಮಳೆಯ ಜುಲೈಯಲ್ಲಿ ಒಂದೋ ಒಂದೂವರೆಯೋ. ಅದೇ ಜುಲೈಯಲ್ಲಿ ಮನೆ ಹಿಂದಿನ ತೋಡಿಂದ ಸೆಕೆಂಡಿಗೆ 5 ಲೀಟರ್, 10 ಮೀಟರ್ ಇಳಿಜಾರು ಸಿಕ್ಕಿದ್ರೆ 490 ವಾಟ್. ಅರ್ಧ ನಷ್ಟ ಹಿಡಿದ್ರೂ 240 ವಾಟ್. ರಾತ್ರಿ ಹಗಲು ಓಡೋದ್ರಿಂದ ದಿನಕ್ಕೆ ಸುಮಾರು 5.8 ಯೂನಿಟ್. ಪಿಕೋ ಹೈಡಲ್ ಅಂತ ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ಇರೋದು ಇದೇ.

ಕೆಡೋದು ಪೈಪಲ್ಲಿ. ದುಡ್ಡು ಉಳಿಸೋಕೆ 2 ಇಂಚಿನ ಪೈಪ್ 60 ಮೀಟರ್ ಎಳೀತಾರೆ. ಅದರಲ್ಲಿ 5 ಲೀಟರ್ ಹರಿಸ್ಬೇಕಂದ್ರೆ 10 ಮೀಟರಲ್ಲಿ ಸುಮಾರು 7 ಮೀಟರ್ ಘರ್ಷಣೆಗೇ ಹೋಗುತ್ತೆ. 4 ಇಂಚು ಹಾಕಿದ್ರೆ ಕಾಲು ಮೀಟರ್ ಅಷ್ಟೇ. ಆಮೇಲೆ ಪೈಪಿನ ಬಾಯಿ ಯಾವಾಗಲೂ ನೀರಲ್ಲಿ ಮುಳುಗಿರ್ಬೇಕು, ಗಾಳಿ ಎಳೆದ್ರೆ ಚಕ್ರ ಕುಂಟುತ್ತೆ. ಜುಲೈಯಲ್ಲಿ ಬಾಯಿಯ ಜಾಲರಿಗೆ ಎಲೆ ಕಟ್ಟೋದು ದಿನಕ್ಕೆರಡು ಸಲ, ತಪ್ಪದೆ ತೆಗೀಬೇಕು.

*ಹಿಲೊ, 8:46*
ಲಾವಾ ಮೇಲಿನ ಮನೆಗೆ ಅದೂ ಇಲ್ಲ, ಹರಿಯೋ ತೋಡೇ ಇಲ್ಲವಲ್ಲ. ಅವರು ಬ್ಯಾಟರಿ ದೊಡ್ಡದು ಮಾಡ್ಬೇಕು. ಸೀಸದ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಲ್ಲಿ ದಿನಾ ಪೂರ್ತಿ ಖಾಲಿ ಮಾಡ್ತಿದ್ದಾರೆ, ಮೀಟರ್ ವಿಡಿಯೊದಲ್ಲೇ ಕಾಣುತ್ತೆ. ಹಾಗೆ ಮಾಡಿದ್ರೆ ಬ್ಯಾಟರಿ ಬೇಗ ಸಾಯುತ್ತೆ. ಮತ್ತೆ ಅವರ ಜಾಗ 2018ರಲ್ಲಿ ಲಾವಾ ಹರಿದು ಸುಮಾರು 700 ಮನೆ ಹೋದ ಪುನಾ ಜಿಲ್ಲೆಯಲ್ಲೇ ಇದೆ. ಅದರ ಬಗ್ಗೆ 22 ನಿಮಿಷದಲ್ಲಿ ಒಂದು ಮಾತೂ ಇಲ್ಲ.

*ಬೆಂಗಳೂರು, 8:50*
ನಾನು ನೋಡಿದ್ದೇ ಬೇರೆ ವಿಡಿಯೊ ಅನ್ನೋ ಹಾಗಾಯ್ತು. ಕೋಣಂದೂರು, ಒಲೆ ಇರಲೇಬೇಕಾದ ಮನೆಗೆ ಹೊಗೆ ಹೋಗೋಕೆ ಏನು ಮಾಡ್ಬೇಕು?

*ಕೋಣಂದೂರು, 8:58*
ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು, ಮೂರು ಪಾತ್ರೆಯದ್ದು, ಸೌದೆಯೂ ಉಳಿಯುತ್ತೆ. ಪಾತ್ರೆ ಕುಳಿಗೆ ಬಿಗಿಯಾಗಿ ಕೂರ್ಬೇಕು, ಬೆರಳು ನುಸುಳೋ ಸಂದು ಬಿಟ್ರೆ ಹೊಗೆ ಮುಖಕ್ಕೇ. ಹಾಗಾಗಿ ಮೊದಲು ಮನೆಯಲ್ಲಿರೋ ಪಾತ್ರೆ ಅಳೆದು ಆಮೇಲೆ ಕುಳಿ ಮಾಡಿಸು, ಕುಳಿ ಮಾಡಿ ಪಾತ್ರೆ ಹುಡುಕ್ಬೇಡ. ಹೊಗೆ ಕೊಳವೆ 4 ಇಂಚು, ಹೆಂಚಿನಿಂದ ಕನಿಷ್ಠ 2 ಅಡಿ ಮೇಲೆ, ತುದಿಗೆ ಟೊಪ್ಪಿ. ತಿಂಗಳಿಗೊಮ್ಮೆ ಮಸಿ ತೆಗೀಬೇಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೆ.

*ತುಮರಿ, 9:01*
2 ಅಡಿ ಅಂದ್ರೆ ಕೊಳವೆ ಹೊರಬರೋ ಜಾಗದಿಂದಲೋ, ಸೂರಿನ ನೆತ್ತಿಯಿಂದಲೋ?

*ಕೋಣಂದೂರು, 9:03*
ನೆತ್ತಿಯಿಂದ. ಕೆಳಗೆ ನಿಂತ್ರೆ ಗಾಳಿ ಸೂರು ಹತ್ತಿ ಮಗುಚುವಾಗ ಹೊಗೆಯನ್ನ ವಾಪಸ್ ಒಳಗೆ ತಳ್ಳುತ್ತೆ. ಮಸಿ ತೆಗೆಯೋ ಕೆಲಸ ಮನೆಯ ಗಂಡಸರಿಗೆ ಅಂತ ಮೊದಲೇ ಮಾತಾಗಿರಲಿ.

*ತುಮರಿ, 9:04*
ಆಗಲಿ. ಬರೆದಿಟ್ಕೊಂಡೆ.