ಅಗ್ಗಿಷ್ಟಿಕೆಗೆ ಯಾವ ಇಟ್ಟಿಗೆ ಬಳಸಬೇಕು?

ಪ್ರಶ್ನೆ:
ನಮಸ್ಕಾರ. ಮಡಿಕೇರಿಯ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಹಳೆಯ ತೋಟದ ಬಂಗಲೆಗಳಲ್ಲಿರುವಂತೆ ನಡುಮನೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆಯೊಂದು ಬೇಕೆಂಬುದು ಮನೆಯವರೆಲ್ಲರ ಆಸೆ. ಗೋಡೆಗೆ ತರಿಸಿರುವ, ಯಂತ್ರದಲ್ಲಿ ತಂತಿಯಿಂದ ಕತ್ತರಿಸಿ ಮಾಡಿದ ವೈರ್‌ಕಟ್ ಇಟ್ಟಿಗೆಯನ್ನೇ ಸಿಮೆಂಟ್ ಗಾರೆಯಲ್ಲಿ ಕಟ್ಟಿ, ಗಿಲಾವು ಮಾಡದೆ ಬಿಡಬಹುದು ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಅದು ಬೆಂಕಿಯನ್ನು ತಾಳುತ್ತದೆಯೇ?

ಉತ್ತರ 1:
ಕಾಣುವ ಹೊರಮೈಗೆ ನಿಮ್ಮ ಇಟ್ಟಿಗೆ ಧಾರಾಳವಾಗಿ ಸಾಕು. ಆದರೆ ಬೆಂಕಿ ನೇರವಾಗಿ ತಾಗುವ ಗೂಡಿನ ನೆಲ, ಹಿಂಬದಿ ಮತ್ತು ಪಕ್ಕದ ಗೋಡೆಗಳಿಗೆ ದಯವಿಟ್ಟು ಫೈರ್ ಬ್ರಿಕ್ಕನ್ನೇ (ಹೆಚ್ಚು ಶಾಖ ತಾಳುವಂತೆ ಮಾಡಿದ ಇಟ್ಟಿಗೆ) ಬಳಸಿ. ಸಾಮಾನ್ಯ ಇಟ್ಟಿಗೆ ಪದೇಪದೇ ಕಾದು ಆರುತ್ತ ಬಂದರೆ ಚಕ್ಕೆ ಏಳತೊಡಗುತ್ತದೆ. ಅದಕ್ಕೂ ಮೊದಲು ಕೈಕೊಡುವುದು ಸಿಮೆಂಟ್ ಗಾರೆ: ಶಾಖ ಸುಮಾರು 400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಹಿಡಿತ ಸಡಿಲಗೊಂಡು ಸಂದುಗಳು ಉದುರುತ್ತವೆ. ಫೈರ್ ಬ್ರಿಕ್ಕಿಗೆಂದೇ ಶಾಖ ತಾಳುವ ಗಾರೆ ಸಿಗುತ್ತದೆ; ಅದನ್ನು ಗೋಡೆಗೆ ಹಾಕುವಷ್ಟು ದಪ್ಪಕ್ಕೆ ಹಾಕದೆ, ಎರಡು ಮೂರು ಮಿಲಿಮೀಟರ್ ಮಾತ್ರ ಸವರಿ, ಇಟ್ಟಿಗೆಯನ್ನು ಒತ್ತಿ ಕೂರಿಸಬೇಕು. ಒಳಗಿನ ಫೈರ್ ಬ್ರಿಕ್ಕಿಗೂ ಹೊರಗಿನ ಇಟ್ಟಿಗೆಗೂ ನಡುವೆ ತುಸು ಜಾಗ ಬಿಡುವಂತೆ ಮೇಸ್ತ್ರಿಗೆ ತಪ್ಪದೆ ಹೇಳಿ. ಇಲ್ಲವಾದರೆ ಒಳಗಿನದು ಕಾದು ಹಿಗ್ಗಿದಾಗ ಹೊರಗಿನ ಚೆಂದದ ಕೆಲಸವೆಲ್ಲ ಬಿರುಕು ಬಿಡುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬಾಯಿ 36 ಅಂಗುಲ ಅಗಲ, 30 ಅಂಗುಲ ಎತ್ತರ ಇರಲಿ ಎಂದುಕೊಂಡಿದ್ದೇವೆ. ಹೊಗೆ ಕೋಣೆಗೆ ನುಗ್ಗದಿರಲು ಏನು ಮಾಡಬೇಕು?

ಉತ್ತರ 2:
ಅದಕ್ಕೆ ಅಳತೆ ಸರಿಯಾಗಿರಬೇಕು. ಚಿಮಣಿಯ ಒಳಗಿನ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ನಿಮ್ಮದು 1080 ಚದರ ಅಂಗುಲವಾಗುವುದರಿಂದ 9 ಅಂಗುಲಕ್ಕೆ 12 ಅಂಗುಲದ ಚಿಮಣಿ ಬೇಕಾಗುತ್ತದೆ. ಅದು ಮಾಡಿನಿಂದ 3 ಅಡಿಯಾದರೂ ಮೇಲೆದ್ದು, ಸುತ್ತಲಿನ 10 ಅಡಿಯೊಳಗಿನ ಎಲ್ಲಕ್ಕಿಂತ 2 ಅಡಿ ಎತ್ತರವಿರಲಿ. ಗೂಡನ್ನು ಆಳವಾದ ಪೆಟ್ಟಿಗೆಯಂತೆ ಕಟ್ಟಿಸಬೇಡಿ. ಶಾಖದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್ 1796ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದಂತೆ, ಆಳ ಕಡಿಮೆ ಮಾಡಿ, ಹಿಂಬದಿಯನ್ನು ಕಿರಿದಾಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಹೊರಕ್ಕೆ ತೆರೆದರೆ ಕಾದ ಇಟ್ಟಿಗೆಯ ಶಾಖ ಕೋಣೆಯತ್ತ ಬೀಳುತ್ತದೆ. ಕೊಡಗಿನ ಚಳಿಗೆ ನನಗೆ ಈ ಆಕಾರವೇ ಮೆಚ್ಚು.

ಉತ್ತರ 3:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ನಿಮ್ಮಲ್ಲಿಯ ಮಳೆಗೆ ಚಿಮಣಿಯ ತಲೆಯ ಮೇಲೆ ಮುಚ್ಚಳವೂ, ಅದು ಮಾಡನ್ನು ಸೇರುವಲ್ಲಿ ನೀರು ಇಳಿಯದಂತೆ ತಗಡಿನ ಪಟ್ಟಿಯೂ ಬೇಕು. ಮರದ ತೊಲೆ, ರೀಪುಗಳು ಚಿಮಣಿಯ ಇಟ್ಟಿಗೆಗೆ ತಾಗದಂತೆ ಕನಿಷ್ಠ 2 ಅಂಗುಲ ದೂರವಿರಲಿ. ಕಟ್ಟಿದ ಮೇಲೆ ಒಂದು ತಿಂಗಳು ಆರಲು ಬಿಟ್ಟು, ಮೊದಲ ಕೆಲವು ದಿನ ಪುಳ್ಳೆಗಳ ಸಣ್ಣ ಬೆಂಕಿಯನ್ನಷ್ಟೇ ಹಾಕಿ.