ಪ್ರಶ್ನೋತ್ತರ: ಬೇಕಾದ ಕೆಲಸಕ್ಕೆ ತಕ್ಕ ಡಿಗ್ರಿ ಹೊಂದಿಸಿಕೊಳ್ಳೋದು ಹೇಗೆ?

ಸಲಹೆಗಾರ್ತಿ: ಎರಡು ಮೂರು ಶಾಖೆಯ ವಿಷಯ ಬೆರೆಸಿ ಡಿಗ್ರಿ ಓದಬೇಕು ಅನ್ನುವವರು ಇಲ್ಲಿ ಕೇಳಿ. ಪಿಯುಸಿ ಕಾಂಬಿನೇಷನ್ ಮತ್ತು ಬೇಕಾದ ಕೆಲಸ ಎರಡನ್ನೂ ಬರೆಯಿರಿ. "ಯಾವ ಕೋರ್ಸಿಗೆ ಸ್ಕೋಪ್ ಇದೆ" ಅಂತ ಕೇಳಿದರೆ ಉತ್ತರ ಇಲ್ಲ.

ಪೋಷಕರು, ಸಿದ್ದಾಪುರ: ಮಗಳು ಪಿಸಿಎಂಬಿ. ಕಾಡಾನೆ ಸಮಸ್ಯೆ ಬಗ್ಗೆ ಕೆಲಸ ಮಾಡೋ ಆಸೆ. ಸಮಾಜಶಾಸ್ತ್ರ, ಪತ್ರಿಕೋದ್ಯಮ, ಪ್ರವಾಸೋದ್ಯಮ ಸೇರಿಸಿ ಬಿಎ ಮಾಡಿ ಮುಂದೆ ಅರಣ್ಯ ಸೇವೆ ಪರೀಕ್ಷೆ ಬರೀತಾಳಂತೆ. ಸೋಮವಾರ ಫೀಸು ಕಟ್ಟಬೇಕು.

ಸಲಹೆಗಾರ್ತಿ: ದಯವಿಟ್ಟು ಸೋಮವಾರ ಕಟ್ಟಬೇಡಿ. ಭಾರತೀಯ ಅರಣ್ಯ ಸೇವೆಗೆ ಯಾವುದೋ ಒಂದು ಪದವಿ ಇದ್ದರೆ ಸಾಲದು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನ, ಭೌತ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುಸಂಗೋಪನೆ ಮತ್ತು ಪಶುವೈದ್ಯ, ಇವುಗಳಲ್ಲಿ ಒಂದಾದರೂ ಪದವಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಐಎಎಸ್‌ಗೂ ಇದಕ್ಕೂ ಪ್ರಿಲಿಮ್ಸ್ ಒಂದೇ ಆದ್ದರಿಂದ ಅರ್ಹತೆಯೂ ಒಂದೇ ಅಂದುಕೊಂಡು ಮಕ್ಕಳು ಮೋಸ ಹೋಗ್ತಾರೆ. ನೀವು ಹೇಳಿದ ಮೂರು ವಿಷಯದ ಬಿಎ ಮುಗಿಸಿದರೆ ಅವಳು ಅರ್ಜಿಯನ್ನೇ ಹಾಕೋಕೆ ಆಗಲ್ಲ.

ಮೊದಲು ಅವಳಿಗೆ ಇಷ್ಟವಾಗುವ ಕೆಲಸಗಳ ಹದಿನೈದು ಜಾಹೀರಾತು ಸೇರಿಸಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪದವಿಯ ಹೆಸರು, ಓದಿರಬೇಕಾದ ವಿಷಯ, ಕನಿಷ್ಠ ಅಂಕ, ಕೌಶಲ. ಮೊದಲ ಎರಡು ಕಾಲಮ್ಮಿನಲ್ಲಿ ಮತ್ತೆ ಮತ್ತೆ ಬರೋದನ್ನ ಡಿಗ್ರಿಯಲ್ಲೇ ಓದಬೇಕು, ಆಮೇಲೆ ತುಂಬಿಕೊಳ್ಳೋಕೆ ಆಗಲ್ಲ. ನಾಲ್ಕನೇ ಕಾಲಂ ಹೊರಗೂ ಕಲಿಯಬಹುದು. ಇವಳ ಹಾಳೆಯಲ್ಲಿ ಪ್ರಾಣಿಶಾಸ್ತ್ರ ಇಲ್ಲವೇ ಅರಣ್ಯಶಾಸ್ತ್ರ ಮೊದಲ ಕಡೆ ಬೀಳುತ್ತೆ, ನಕ್ಷೆ ಮಾಡೋದು, ಜನರ ಜೊತೆ ಮಾತಾಡಿ ಮಾಹಿತಿ ತೆಗೆಯೋದು ನಾಲ್ಕನೆಯದರಲ್ಲಿ.

ದಾರಿ ಎರಡು. ಪೊನ್ನಂಪೇಟೆ ಅರಣ್ಯ ಕಾಲೇಜಿನ ನಾಲ್ಕು ವರ್ಷದ ಬಿಎಸ್ಸಿ ಒಂದು. ಪ್ರವೇಶ ಸಿಇಟಿ ಮೂಲಕ, ಪಠ್ಯ ಮೊದಲೇ ಗಟ್ಟಿ, ಹೊರಗಿನ ವಿಷಯಕ್ಕೆ ಜಾಗ ಕಡಿಮೆ. ಇನ್ನೊಂದು, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಇರುವ ಸಾಮಾನ್ಯ ಬಿಎಸ್ಸಿ. 2024-25ರಿಂದ ರಾಜ್ಯದಲ್ಲಿ ಇದು ಮತ್ತೆ ಮೂರು ವರ್ಷ. ಮೂರನೇ ವಿಷಯವಾಗಿ ಸಮಾಜಶಾಸ್ತ್ರ ಕೇಳಿ ನೋಡಿ. ಆದರೆ ನಿಯಮ ಬಿಟ್ಟರೂ ಟೈಮ್‌ಟೇಬಲ್ ಬಿಡಲ್ಲ: ಮಧ್ಯಾಹ್ನ ಲ್ಯಾಬ್ ಇರುವ ಹೊತ್ತಿಗೇ ಬಿಎ ತರಗತಿ ಇದ್ದರೆ ಆ ಜೋಡಿ ಸತ್ತ ಹಾಗೆ. ಕಾಲೇಜಿಗೆ ಹೋದಾಗ ಪ್ರಾಸ್ಪೆಕ್ಟಸ್ ಬಿಟ್ಟು ಕಳೆದ ವರ್ಷದ ಟೈಮ್‌ಟೇಬಲ್ ಕೇಳಿ.

ನಕ್ಷೆಗೆ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಇಸ್ರೋದ ಡೆಹ್ರಾಡೂನ್ ಸಂಸ್ಥೆ ಐಐಆರ್‌ಎಸ್ ಆನ್‌ಲೈನಿನಲ್ಲಿ ಕಲಿಸುತ್ತೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದೇ ಊರು ಹಿಡಿಯಲಿ. ಆನೆ ನುಗ್ಗಿದ ಪ್ರತಿ ಸಲಕ್ಕೂ ಒಂದು ಸಾಲು: ತಾರೀಖು, ಹೊತ್ತು, ಜಿಪಿಎಸ್ ಬಿಂದು, ಏನು ಹಾಳಾಯ್ತು, ತೋಟದಲ್ಲಿ ಹಲಸು ಹಣ್ಣಾಗಿತ್ತಾ, ಗದ್ದೆ ಕೊಯ್ಲಿಗೆ ಬಂದಿತ್ತಾ. ಒಂದು ವರ್ಷದ ಇಂಥ ಹಾಳೆ ಸಂದರ್ಶನದಲ್ಲಿ ಮೂರು ಸರ್ಟಿಫಿಕೇಟಿಗಿಂತ ಹೆಚ್ಚು ಮಾತಾಡುತ್ತೆ.

ಸದಸ್ಯ, ಕುಶಾಲನಗರ: ದೂರಶಿಕ್ಷಣದಲ್ಲಿ ಬಿಎಸ್ಸಿ ಅಗ್ರಿ ಮಾಡಬಹುದು ಅಂತ ಮೆಸೇಜ್ ಬಂದಿದೆ, ನಿಜವೇ?

ಸಲಹೆಗಾರ್ತಿ: ಸುಳ್ಳು. ಕೃಷಿ, ತೋಟಗಾರಿಕೆ, ಹೋಟೆಲ್ ಮ್ಯಾನೇಜ್‌ಮೆಂಟ್, ಕಾನೂನು, ನರ್ಸಿಂಗ್ ಯಾವುದನ್ನೂ ದೂರಶಿಕ್ಷಣದಲ್ಲಿ ಕೊಡೋಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಬಿಡಲ್ಲ.

ಪೋಷಕರು, ಗೋಣಿಕೊಪ್ಪ: ಮಗ ಬಿಕಾಂ ಸೇರ್ತಾನೆ. ಜೊತೆಗೆ ಕಾಫಿ ಟೇಸ್ಟಿಂಗ್ ಕಲಿತು ರಫ್ತು ಮಾಡೋ ಯೋಚನೆ.

ಸಲಹೆಗಾರ್ತಿ: ಬರೀ ರಫ್ತು ವ್ಯವಹಾರಕ್ಕೆ ಬಿಕಾಂ ಆಗುತ್ತೆ. ಕಪ್ಪಿಂಗ್ ಟೇಬಲ್ಲಿನ ಕೆಲಸವೇ, ಅಂದರೆ ಕಾಫಿ ರುಚಿ ನೋಡಿ ಗುಣಮಟ್ಟ ಅಳೆಯೋದೇ ಬೇಕಾದರೆ ಯೋಚಿಸಿ. ಕಾಫಿ ಬೋರ್ಡಿನ ಗುಣಮಟ್ಟ ನಿರ್ವಹಣೆಯ 12 ತಿಂಗಳ ಪಿಜಿ ಡಿಪ್ಲೊಮಾಕ್ಕೆ ಸಸ್ಯಶಾಸ್ತ್ರ, ರಸಾಯನ, ಬಯೋಟೆಕ್, ಫುಡ್ ಟೆಕ್ನಾಲಜಿಯಂಥ ವಿಜ್ಞಾನ ಪದವಿ ಬೇಕು. ಲೆಕ್ಕಪತ್ರ ಹೊರಗೆ ಕಲಿಯಬಹುದು, ರಸಾಯನದ ಲ್ಯಾಬ್ ಹೊರಗೆ ಸಿಗಲ್ಲ.

ಸದಸ್ಯ, ಸೋಮವಾರಪೇಟೆ: ತೋಟ ನೋಡ್ಕೊಳ್ಳೋಕೆ ಇಷ್ಟೆಲ್ಲ ಯಾಕೆ? ಎಂಜಿನಿಯರಿಂಗ್ ಮಾಡಿಸಿ ಬೆಂಗಳೂರಿಗೆ ಕಳಿಸಿ.

ಪೋಷಕರು, ಗೋಣಿಕೊಪ್ಪ: ಎಲ್ಲರೂ ಬೆಂಗಳೂರಿಗೆ ಹೋದರೆ ತೋಟ ರೆಸಾರ್ಟಿನವರಿಗೆ ಮಾರೋದಾ?

ಸದಸ್ಯ, ಸೋಮವಾರಪೇಟೆ: ಅದು ನಿಮ್ಮ ಹಣೆಬರಹ. ಮಕ್ಕಳ ತಲೆ ಮೇಲೆ ಹೊರಿಸಬೇಡಿ.

ಸದಸ್ಯೆ, ಮಡಿಕೇರಿ: ನಾಲ್ಕು ವರ್ಷದ ಡಿಗ್ರಿ ತೆಗೆದದ್ದೇ ತಪ್ಪು. ಇದ್ದಿದ್ದರೆ ಈ ತಲೆನೋವೇ ಇರ್ತಿರಲಿಲ್ಲ.

ಸದಸ್ಯ, ವಿರಾಜಪೇಟೆ: ಇನ್ನೊಂದು ವರ್ಷದ ಹಾಸ್ಟೆಲ್ ಫೀಸು ನೀವು ಕಟ್ತೀರಾ?

ಸಲಹೆಗಾರ್ತಿ: ಈ ಜಗಳ ಬೇರೆ ಕಡೆ ಆಡಿ.

ಸದಸ್ಯೆ, ಶನಿವಾರಸಂತೆ: ಬಿಎ ಜೊತೆ ಡೇಟಾ ಸೈನ್ಸ್ ಮಾಡಿದರೆ ಹೇಗೆ?

ಸದಸ್ಯ, ನಾಪೋಕ್ಲು: ಫಾರ್ವರ್ಡ್: "ಶೇ 40 ಕ್ರೆಡಿಟ್ ಸ್ವಯಂನಲ್ಲಿ ತಗೊಳ್ಳೋದು ವಿದ್ಯಾರ್ಥಿಯ ಹಕ್ಕು. ನಿಮ್ಮ ಡಿಗ್ರಿ ನೀವೇ ಕಟ್ಟಿ. 18 ತಿಂಗಳಲ್ಲಿ ವಿದೇಶಿ ಪದವಿ."

ಸಲಹೆಗಾರ್ತಿ: ಓದದೆ ಕಳಿಸಬೇಡಿ. ಸ್ವಯಂ ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ, ಕ್ರೆಡಿಟ್ ಅಂದರೆ ಪದವಿಯ ಲೆಕ್ಕಕ್ಕೆ ಬರುವ ಓದಿನ ಅಳತೆ. ಶೇ 40 ಅನ್ನೋದು ಗರಿಷ್ಠ ಮಿತಿ, ಹಕ್ಕಲ್ಲ. ಆ ಕೋರ್ಸನ್ನು ನಿಮ್ಮ ವಿಶ್ವವಿದ್ಯಾಲಯ ಮೊದಲೇ ಒಪ್ಪಿರಬೇಕು. ಇಲ್ಲದಿದ್ದರೆ ಸರ್ಟಿಫಿಕೇಟ್ ನಿಮ್ಮ ಕೈಲಿರುತ್ತೆ, ಅಂಕಪಟ್ಟಿಗೆ ಬರಲ್ಲ. ನೋಂದಣಿಗೆ ಮುಂಚೆ ಲಿಖಿತ ಒಪ್ಪಿಗೆ ತಗೊಳ್ಳಿ. ಪರೀಕ್ಷೆ ಮನೇಲಿ ಕೂತು ಬರೆಯೋದಲ್ಲ, ಯಾವ ಊರಲ್ಲಿ ಕೇಂದ್ರ ಇದೆ ಅಂತ ನೋಡಿ ಫಾರಂ ತುಂಬಿ.

ವಿದೇಶದ ಮಾತು: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆಯಲ್ಲಿ ವಿದ್ಯಾರ್ಥಿಯೇ ತನ್ನ ಅಧ್ಯಯನ ಕ್ಷೇತ್ರ ಕಟ್ಟಿಕೊಳ್ಳೋದು ನಿಜ. ಆದರೆ ಅಲ್ಲಿ ಸಲಹೆಗಾರರ ಜೊತೆ ಕೂತು ಯೋಜನೆ ಮಾಡಬೇಕು, ಕೊನೆಗೆ ಅಧ್ಯಾಪಕರ ಮುಂದೆ ಮೌಖಿಕವಾಗಿ ಸಮರ್ಥಿಸಬೇಕು. ಫ್ರಾಂಚೈಸಿ, ಅಂದರೆ ಇಲ್ಲಿನ ಮಧ್ಯವರ್ತಿ ಸಂಸ್ಥೆ ಮೂಲಕ ಮಾರುವ ವಿದೇಶಿ ಪದವಿಯನ್ನು ಯುಜಿಸಿ ಒಪ್ಪಲ್ಲ. ಆ ಮೆಸೇಜಿನ ನಂಬರಿಗೆ ಯಾರೂ ದುಡ್ಡು ಹಾಕಬೇಡಿ.

ಸದಸ್ಯ, ನಾಪೋಕ್ಲು: ನಾನು ಬರೀ ಕಳಿಸಿದ್ದು. ಇಷ್ಟು ಸಿಟ್ಟು ಯಾಕೆ?

ಸಲಹೆಗಾರ್ತಿ: ಅದನ್ನ ನಂಬಿ ಯಾರಾದರೂ ಇವತ್ತೇ ಅಡ್ವಾನ್ಸ್ ಕಟ್ಟಬಹುದು. ಅದಕ್ಕೆ.

ಸದಸ್ಯೆ, ಸುಂಟಿಕೊಪ್ಪ: ಒಟ್ಟಿಗೆ ಎರಡು ಡಿಗ್ರಿ ಮಾಡಬಹುದಾ?

ಸಲಹೆಗಾರ್ತಿ: 2022ರಿಂದ ಯುಜಿಸಿ ಅದಕ್ಕೆ ಅವಕಾಶ ಕೊಟ್ಟಿದೆ. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆಗಬಹುದು. ಎರಡರ ಪರೀಕ್ಷೆ ತಾರೀಖು ತಾಳೆ ನೋಡಿ.

ಸದಸ್ಯ, ಕುಶಾಲನಗರ: ಹಾಗಾದರೆ ದೂರಶಿಕ್ಷಣದಲ್ಲಿ ಅಗ್ರಿ?

ಸಲಹೆಗಾರ್ತಿ: ಮೇಲೆ ಓದಿ.

ಪೋಷಕರು, ಸಿದ್ದಾಪುರ: ಮೇಡಂ, ಟೈಮ್‌ಟೇಬಲ್ ಸಿಕ್ಕಿತು. ಗುರುವಾರ 2ರಿಂದ 5 ಪ್ರಾಣಿಶಾಸ್ತ್ರದ ಲ್ಯಾಬ್, ಸಮಾಜಶಾಸ್ತ್ರವೂ ಗುರುವಾರ 2ಕ್ಕೇ. ಒಂದನ್ನು ಬಿಡಿ ಅಂತಾರೆ.

ಸಲಹೆಗಾರ್ತಿ: ಸಮಾಜಶಾಸ್ತ್ರ ಬಿಡಿ. ಮೂರನೆಯದಕ್ಕೆ ರಸಾಯನ ಇದ್ದರೆ ಹಾಕಿಸಿ. ಸಮಾಜಶಾಸ್ತ್ರದ ಸ್ವಯಂ ಕೋರ್ಸ್ ಒಪ್ಪಿತ ಪಟ್ಟಿಯಲ್ಲಿದೆಯಾ ಅಂತ ಪ್ರಾಂಶುಪಾಲರಿಗೆ ಇವತ್ತೇ ಅರ್ಜಿ ಕೊಡಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ.

ಸದಸ್ಯೆ, ಶನಿವಾರಸಂತೆ: ಡೇಟಾ ಸೈನ್ಸ್ ಬಗ್ಗೆ ಕೇಳಿದ್ದೆ...